ತೆರವಾಕಿಯವರ ತೋರುಬೆರಳು

ನಮ್ಮ ಬಡಾವಣೆಯ ಪ್ರಾಥಮಿಕ ಶಾಲೆಯ ಮುಂದೆ ರಸ್ತೆ ದಾಟುವ ಮಕ್ಕಳು ಈಗಲೂ ಒಂದು ಕ್ಷಣ ನಿಲ್ಲುತ್ತಾರೆ. ಬಲಕ್ಕೆ ಬೆರಳು ಚಾಚಿ ‘ಯೋಶಿ!’ ಎಂದು ಕೂಗುತ್ತಾರೆ. ಎಡಕ್ಕೆ ಚಾಚಿ ಮತ್ತೊಮ್ಮೆ ‘ಯೋಶಿ!’ ಎನ್ನುತ್ತಾರೆ. ಸರಿಯಿದೆ ಎಂದು ಅದರ ಅರ್ಥ. ನಿವೃತ್ತರಾದ ಮೇಲೆ ಹಳದಿ ಬಾವುಟ ಹಿಡಿದು ರಸ್ತೆ ದಾಟಿಸುತ್ತಾ ಅವರಿಗೆ ಅದನ್ನು ಕಲಿಸಿದ ಇಸಾಮು ತೆರವಾಕಿ ಕಳೆದ ಫೆಬ್ರವರಿಯಲ್ಲಿ ತೀರಿಕೊಂಡರು. ಮಕ್ಕಳ ಪಾಲಿಗೆ ಅವರು ‘ಯೋಶಿ ತಾತ’. ಆ ತಾತ ಮೂವತ್ತನಾಲ್ಕು ವರ್ಷ ಪರಮಾಣು ರಿಯಾಕ್ಟರ್ ನಡೆಸಿದವರೆಂದು ಹೇಳಿದರೆ ಮಕ್ಕಳು ನಗುತ್ತಾರೆ. ಅದಕ್ಕಾಗಿಯೇ ಬರೆದಿಡುತ್ತಿದ್ದೇನೆ.

ಆ ರಿಯಾಕ್ಟರ್ ಇರುವುದು ನಮ್ಮೂರ ವಿಶ್ವವಿದ್ಯಾಲಯದಲ್ಲಿ, ಬೇಸ್‌ಬಾಲ್ ಮೈದಾನದ ಹಿಂದೆ. ಅದು ವಿದ್ಯುತ್ ತಯಾರಿಸುವುದಿಲ್ಲ. ಬೇರೆ ಬೇರೆ ಊರುಗಳ ವಿದ್ಯಾರ್ಥಿಗಳು ಬಂದು, ಯಂತ್ರವನ್ನು ಹೇಗೆ ಎಬ್ಬಿಸಬೇಕು, ಹೇಗೆ ಮಲಗಿಸಬೇಕು ಎಂಬುದನ್ನು ಅಲ್ಲಿ ಕಲಿತು ಹೋಗುತ್ತಾರೆ. ನಾನು ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಪ್ರತಿ ಶರತ್ಕಾಲದಲ್ಲಿಯೂ ಒಂದು ತರಗತಿಯನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ತೆರವಾಕಿಯವರು ಪ್ರತಿ ವರ್ಷವೂ ಅದೇ ಮಾತನ್ನು ಹೇಳುತ್ತಿದ್ದರು.

"ಇದರ ಬಿಸಿಗೆ ಒಂದು ಸ್ನಾನದ ತೊಟ್ಟಿ ನೀರೂ ಕಾಯಲ್ಲ ಮಕ್ಕಳೇ. ನಮ್ಮ ಮನೇಲಿ ಇದಕ್ಕಿಂತ ನಮ್ಮನೆಯವಳೇ ಹೆಚ್ಚು ಬಿಸಿ."

ಒಂದು ವರ್ಷ ಒಬ್ಬ ಹುಡುಗಿ ಬಿಡದೆ ಕೇಳಿದಳು: "ಅಷ್ಟು ಸಣ್ಣದಾದ್ರೆ ಇಷ್ಟು ದಪ್ಪ ಗೋಡೆ ಯಾಕೆ? ಇಷ್ಟೊಂದು ಬೀಗ ಯಾಕೆ? ಹೆದರಿಕೇನಾ?"

"ಹೆದರಿಕೆ ಅಲ್ಲಮ್ಮ," ಎಂದರು ತೆರವಾಕಿ, "ಮರ್ಯಾದೆ."

ಯಂತ್ರವನ್ನು ಮುಟ್ಟುವ ಮೊದಲು ಅಲ್ಲಿ ಅರವತ್ತೆರಡು ಸಾಲುಗಳ ಒಂದು ಪಟ್ಟಿಯನ್ನು ಮುಗಿಸಬೇಕು. ತೊಟ್ಟಿಯ ನೀರಿನ ಮಟ್ಟ, ಅದರ ಶುದ್ಧಿ, ವಿಕಿರಣ ಅಳೆಯುವ ಮಾಪಕಗಳು, ಬಾಗಿಲುಗಳು, ಯಂತ್ರವನ್ನು ತಡೆದು ಹಿಡಿಯುವ ನಿಯಂತ್ರಣ ಸರಳುಗಳು, ಎಲ್ಲವೂ ಆ ಪಟ್ಟಿಯಲ್ಲಿವೆ. ಒಬ್ಬರು ಸಾಲನ್ನು ಓದುತ್ತಾರೆ. ಇನ್ನೊಬ್ಬರು ಆ ವಸ್ತುವಿನತ್ತ ತೋಳು ಚಾಚಿ, ತೋರುಬೆರಳಿನಿಂದ ತೋರಿಸಿ, ಕಂಡದ್ದನ್ನು ಗಟ್ಟಿಯಾಗಿ ಹೇಳಿ, ಕೊನೆಗೆ ‘ಯೋಶಿ’ ಎನ್ನುತ್ತಾರೆ. ಆಮೇಲೆಯೇ ಗುರುತು ಹಾಕುವುದು. ನನ್ನ ತರಗತಿಯಲ್ಲಿ ಬಾಯಿಪಾಠಕ್ಕೆ ನಾನು ಅಂಕ ಕೊಡುತ್ತಿದ್ದೆ. ಅಲ್ಲಿ ಬಾಯಿಪಾಠ ಮಾಡಿದವರಿಗೆ ಬೈಗುಳ. ಮೂವತ್ತು ವರ್ಷ ದಾಟಿದ ಮೇಲೂ ತೆರವಾಕಿಯವರು ಪಟ್ಟಿಯಿಲ್ಲದೆ ಒಂದು ಗುಂಡಿಯನ್ನೂ ಒತ್ತಲಿಲ್ಲ.

"ಕಣ್ಣು ಒಂದು ಕಡೆ ಇರುತ್ತೆ, ಮನಸ್ಸು ಇನ್ನೊಂದು ಕಡೆ ಹೋಗುತ್ತೆ ಸೆನ್ಸೆ," ಎಂದು ಅವರು ನನಗೆ ಹೇಳಿದ್ದರು. ಮೇಷ್ಟರಾದ ನನ್ನನ್ನು ಊರೆಲ್ಲ ಸೆನ್ಸೆ ಎಂದೇ ಕರೆಯುತ್ತಿತ್ತು. "ಬೆರಳು ಎರಡನ್ನೂ ಹಿಡಿದು ಒಂದೇ ಕಡೆ ಕಟ್ಟಿಹಾಕುತ್ತೆ."

ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಗೋಡೆ ಮಾತ್ರ ಇತ್ತು. ಬೆಳಿಗ್ಗೆ ಏಳೂಕಾಲಿಗೆ ಅವರು ಬಾಗಿಲಲ್ಲಿ ನಿಂತು ಹೇಳುತ್ತಿದ್ದುದು ನನಗೆ ದಿನವೂ ಕೇಳಿಸುತ್ತಿತ್ತು. "ಗ್ಯಾಸ್, ಯೋಶಿ. ಕಿಟಕಿ, ಯೋಶಿ. ಕಿನುಕೊ, ಯೋಶಿ."

ಕಿನುಕೊ ಅವರ ಹೆಂಡತಿ. ಅಡುಗೆಮನೆಯ ಹೊಸ್ತಿಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿರುತ್ತಿದ್ದ ಆಕೆಯ ಉತ್ತರವೂ ಕೇಳಿಸುತ್ತಿತ್ತು.

"ಗ್ಯಾಸು, ಕಿಟಕಿ, ಹೆಂಡ್ತಿ! ನನ್ನ ಎಲ್ಲಿ ಸೇರಿಸಿದ್ದೀರಿ ನೋಡಿ. ಎಲ್ಲಾದ್ರೂ ಸೋರ್ತಿದೀನಾ ಅಂತಾನೂ ನೋಡ್ಬಿಡಿ!"

"ಬಾಯಿ ಒಂದು ಬಿಟ್ಟು ಬೇರೆಲ್ಲ ಭದ್ರ."

"ಬುತ್ತಿ ಮರೆತಿದ್ದೀರಿ. ಬುತ್ತಿ, ಯೋಶಿ ಅನ್ನಲೇ ಇಲ್ಲ!"

ಹೀಗೆ ನಗುತ್ತಿದ್ದ ಮನೆ ಅದು.

ಉತ್ತರದ ಕಡಲತೀರದ ಪರಮಾಣು ಸ್ಥಾವರದಲ್ಲಿ ಆ ದೊಡ್ಡ ಅವಘಡ ನಡೆದ ಮೇಲೆ ದೇಶದ ನಿಯಮಗಳೆಲ್ಲ ಬದಲಾದವು. ಹೊಸ ನಿಯಮಗಳಿಗೆ ಹೊಂದುತ್ತದೆಯೆಂದು ತೋರಿಸುವವರೆಗೆ ನಮ್ಮೂರಿನ ಪುಟ್ಟ ಯಂತ್ರವೂ ನಿಲ್ಲಬೇಕಾಯಿತು. ಒಂದು ವರ್ಷವೆಂದುಕೊಂಡದ್ದು ಮೂರು ವರ್ಷವಾಯಿತು. ವಿದ್ಯಾರ್ಥಿಗಳು ಬರುವುದು ನಿಂತಿತು. ಆದರೆ ತೆರವಾಕಿಯವರ ಏಳೂಕಾಲು ನಿಲ್ಲಲಿಲ್ಲ. ನೀರನ್ನು ಪರೀಕ್ಷಿಸಬೇಕು, ಮಾಪಕಗಳನ್ನು ಸರಿಹೊಂದಿಸಬೇಕು, ಸರಳುಗಳು ಕೈಬಿಟ್ಟ ಕೂಡಲೇ ಒಂದು ಸೆಕೆಂಡಿನೊಳಗೆ ಕೆಳಗೆ ಬೀಳುತ್ತವೆಯೇ ಎಂದು ಅಳೆಯಬೇಕು.

"ಓಡದೇ ಇರೋ ಯಂತ್ರಕ್ಕೆ ದಿನಾ ಯಾಕ್ರೀ ಹೋಗ್ತೀರಿ?" ಎಂದು ಕಿನುಕೊ ಕೇಳಿದರು.

"ಮಲಗಿರೋರು ಉಸಿರಾಡ್ತಿದ್ದಾರಾ ಅಂತ ನೋಡಬೇಕಲ್ಲ."

ಎರಡನೆಯ ವರ್ಷ ಆಕೆಯ ಹೊಟ್ಟೆಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ನಾನು ಅವರನ್ನು ಕಂಡಾಗ, ಗಂಡನ ನಿವೃತ್ತಿಯ ದಿನವನ್ನು ಲೆಕ್ಕ ಹಾಕುತ್ತಿದ್ದರು. ಮುಂದಿನದರ ಮುಂದಿನ ಮಾರ್ಚ್ ಕೊನೆ.

"ಮೂವತ್ತು ವರ್ಷ ಆಯ್ತು ಸೆನ್ಸೆ, ಇವರು ಅಲ್ಲಿ ಏನು ಮಾಡ್ತಾರೆ ಅಂತ ನಾನು ಒಂದು ದಿನಾನೂ ನೋಡಿಲ್ಲ. ಮತ್ತೆ ಶುರು ಮಾಡೋ ದಿನ ಗಾಜಿನಾಚೆ ನಿಂತು ನೋಡ್ತೀನಿ. ರೀ, ಆ ದಿನ ಯಂತ್ರದ ಮುಂದೆ ನೀವೇ ಕೂತ್ಕೋಬೇಕು. ಬೇರೆಯವರನ್ನ ಕೂರಿಸಿದ್ರೆ ನಾನು ಬರಲ್ಲ."

"ನಾನೇ ಕೂತ್ಕೋತೀನಿ," ಎಂದರು ಹಾಸಿಗೆಯ ಪಕ್ಕ ಕುಳಿತಿದ್ದ ತೆರವಾಕಿ.

"ನನ್ನ ಕಡೆಗೂ ಒಂದ್ಸಲ ಬೆರಳು ತೋರಿಸಿ ಯೋಶಿ ಅನ್ನಿ. ಎಲ್ರೂ ನೋಡ್ಲಿ."

ಆ ಡಿಸೆಂಬರಿನಲ್ಲಿ ಆಕೆ ಹೋಗಿಬಿಟ್ಟರು. ಉತ್ತರಕ್ರಿಯೆಗಳು ಮುಗಿದ ಮೊದಲ ಸೋಮವಾರ, ಬೆಳಿಗ್ಗೆ ಏಳೂಕಾಲಿಗೆ, ನಾನು ಗೋಡೆಯ ಈಚೆ ಎಲೆ ಗುಡಿಸುತ್ತಿದ್ದೆ. "ಗ್ಯಾಸ್, ಯೋಶಿ. ಕಿಟಕಿ, ಯೋಶಿ," ಎಂಬುದು ಕೇಳಿಸಿತು. ಆಮೇಲೆ, ಮೊದಲಿನ ದನಿಯಲ್ಲಿಯೇ, "ಕಿನುಕೊ, ಯೋಶಿ." ಉತ್ತರ ಬರಲಿಲ್ಲ. ಬಾಗಿಲು ಹಾಕಿದ ಸದ್ದಾಯಿತು. ನಾನು ಪೊರಕೆ ಹಿಡಿದು ನಿಂತೇ ಇದ್ದೆ. ಮರುದಿನವೂ ಅದೇ ಆಯಿತು, ಅದರ ಮರುದಿನವೂ. ಒಬ್ಬ ಮನುಷ್ಯನ ದುಃಖದಲ್ಲಿ ತಪ್ಪು ತಿದ್ದಲು ಯಾವ ಮೇಷ್ಟರಿಗೂ ಹಕ್ಕಿಲ್ಲವೆಂದು ಸುಮ್ಮನಿದ್ದೆ.

ಕೊನೆಗೆ ಅನುಮತಿ ಸಿಕ್ಕಿತು. ಮಾರ್ಚ್ ಎರಡನೆಯ ವಾರದಲ್ಲಿ ರಿಯಾಕ್ಟರ್ ಮತ್ತೆ ಆರಂಭವಾಗಬೇಕು. ತೆರವಾಕಿಯವರ ನಿವೃತ್ತಿಗೆ ಆಗ ಮೂರು ವಾರ ಉಳಿದಿರುತ್ತದೆ. ಆ ದಿನ ಅವರೇ ಕುಳಿತುಕೊಳ್ಳುವುದೆಂದು ತೀರ್ಮಾನವಾಯಿತು. ಆ ಸುದ್ದಿಯನ್ನು ಹೇಳಲು ಅವರು ಗೋಡೆಯ ಬಳಿಗೆ ಓಡಿಬಂದದ್ದು ನನಗೆ ನೆನಪಿದೆ. ಐವತ್ತೊಂಬತ್ತು ದಾಟಿದವರು ಚಪ್ಪಲಿಯಿಲ್ಲದೆ ಮಂಜಿನಲ್ಲಿ ಓಡಿಬಂದಿದ್ದರು.

ಫೆಬ್ರವರಿಯ ಒಂದು ಸಂಜೆ, ಐದು ಗಂಟೆಯ ಹೊತ್ತಿಗೆ, ಅವರು ಕೆಲಸದ ಅಂಗಿಯಲ್ಲಿಯೇ ನಮ್ಮ ಮನೆಗೆ ಬಂದರು. ನಾನು ಕೊಟ್ಟ ಚಹಾವನ್ನು ಮುಟ್ಟಲಿಲ್ಲ.

"ಸೆನ್ಸೆ, ನಾನಿವತ್ತು ಬರೀ ತಗಡಿಗೆ ಯೋಶಿ ಅಂದೆ."

ನಡೆದದ್ದು ಇಷ್ಟು. ಹೊಸ ನಿಯಮದಂತೆ ನಿಯಂತ್ರಣ ಕೋಣೆಯ ಫಲಕವನ್ನು ಆ ತಿಂಗಳು ಬದಲಾಯಿಸಿದ್ದರು. ಸರಳುಗಳೆಲ್ಲ ಕೆಳಗಿವೆ ಎಂದು ತಿಳಿಸುವ ಹಸಿರು ದೀಪ ಮೊದಲು ಎಡಗಡೆ ಮೇಲಿತ್ತು. ಈಗ ಅದು ಬಲಗಡೆ ಕೆಳಗೆ ಬಂದಿತ್ತು. ಹಳೆಯ ದೀಪದ ತೂತನ್ನು ಬೂದುಬಣ್ಣದ ತಗಡಿನಿಂದ ಮುಚ್ಚಿದ್ದರು. ಆ ಬದಲಾವಣೆಯನ್ನು ಪರಿಶೀಲಿಸಿ ಸಹಿ ಮಾಡಿದವರೇ ತೆರವಾಕಿ. ಆ ದಿನ ಬೆಳಿಗ್ಗೆ ಹೊರಿಗುಚಿ ಪಟ್ಟಿ ಓದುತ್ತಿದ್ದಳು. ಹನ್ನೆರಡು ವರ್ಷಗಳಿಂದ ಅವರ ಕೈಕೆಳಗೆ ಪಳಗಿದ ಹೆಂಗಸು, ಎರಡು ಮಕ್ಕಳ ತಾಯಿ. ಆಕೆ ಸರಳುಗಳ ಸಾಲನ್ನು ಓದಿದಾಗ ಇವರ ತೋಳು ಎಡಗಡೆ ಮೇಲಕ್ಕೆ ಎದ್ದಿತು. ಬೆರಳು ತಗಡನ್ನು ತೋರಿಸಿತು. ಬಾಯಿ, "ಸರಳುಗಳೆಲ್ಲ ಕೆಳಗೆ, ಹಸಿರು, ಯೋಶಿ!" ಎಂದಿತು.

ಹೊರಿಗುಚಿಯ ಪೆನ್ನು ನಿಂತಿತು. ಆಕೆ ಬಲಗಡೆ ಕೆಳಗೆ ನೋಡಿದಳು. ದೀಪ ಹಸಿರಾಗಿಯೇ ಇತ್ತು. ಆಕೆ ಗುರುತು ಹಾಕಿದಳು. ಆಗ ತೆರವಾಕಿಯವರಿಗೆ ತಮ್ಮ ಬೆರಳಿನ ತುದಿಯಲ್ಲಿ ಏನಿದೆಯೆಂಬುದು ಕಂಡಿತು.

"ಹೊರಿಗುಚಿ, ಇದೇ ಮೊದಲ ಸಲವಾ?" ಎಂದು ಅವರು ಕೇಳಿದರು.

ಆಕೆ ಪಟ್ಟಿಯನ್ನೇ ನೋಡುತ್ತಿದ್ದಳು. "ಮೊನ್ನೆ ಒಂದ್ಸಲ. ದೀಪ ನಾನು ನೋಡಿದೆ ತೆರವಾಕಿ-ಸಾನ್, ಎರಡು ಸಲಾನೂ ನೋಡೇ ಗುರುತು ಹಾಕಿದ್ದು."

"ನನಗೆ ಯಾಕೆ ಹೇಳಲಿಲ್ಲ?"

"ನಾಲಿಗೆ ಏಳಲಿಲ್ಲ. ಶುರು ಮಾಡೋಕೆ ಇನ್ನು ಮೂರು ವಾರ ಅಷ್ಟೇ ಅಲ್ವಾ. ಆ ದಿನಕ್ಕೋಸ್ಕರ ನೀವು..." ಆಕೆಯ ಕಣ್ಣು ತುಂಬಿತ್ತಂತೆ. "ನಾನೇನೂ ನೋಡಲಿಲ್ಲ ಅಂದುಕೊಳ್ಳಿ."

"ನೀನು ನೋಡೋದಕ್ಕೇ ಅಲ್ವಾ ಅಲ್ಲಿ ನಿಂತಿರೋದು?"

ಅಪಾಯವಾಗದೆ ತಪ್ಪಿಹೋದ ಸಂಗತಿಗಳನ್ನು ಬರೆಯಲು ಅಲ್ಲಿ ಒಂದು ಹಳದಿ ಹಾಳೆಯಿದೆ. ತೆರವಾಕಿಯವರು ತಮ್ಮದನ್ನು ಬರೆದರು. ಹೊರಿಗುಚಿಯಿಂದ ಆಕೆಯದನ್ನೂ ಬರೆಸಿದರು. ಆರಂಭದ ದಿನ ತಾವು ಕುಳಿತುಕೊಳ್ಳುವುದಿಲ್ಲವೆಂದು ಮುಖ್ಯಸ್ಥರಿಗೆ ಹೇಳಿದರು.

ಮುಖ್ಯಸ್ಥರು ಒಳ್ಳೆಯ ಮನುಷ್ಯ. "ಫಲಕ ಹೊಸದು ಕಣಯ್ಯ. ಯಾರಿಗಾದ್ರೂ ಆಗುತ್ತೆ. ಎರಡು ವಾರ ಅಭ್ಯಾಸ ಮಾಡು, ನಾನೇ ಪರೀಕ್ಷೆ ಮಾಡ್ತೀನಿ. ಮೂವತ್ತನಾಲ್ಕು ವರ್ಷದಲ್ಲಿ ಒಂದು ತಪ್ಪಿಗೆ ಇಷ್ಟೊಂದಾ?" ಎಂದರಂತೆ.

ನನಗೂ ಹಾಗೆಯೇ ಅನ್ನಿಸಿತು. "ಅವರು ಹೇಳೋದು ಸರಿ ಅಲ್ವಾ ತೆರವಾಕಿ-ಸಾನ್? ಅಭ್ಯಾಸ ಮಾಡಿದ್ರೆ ಬೆರಳು ಹೊಸ ಜಾಗ ಕಲಿಯುತ್ತೆ," ಎಂದೆ.

ಅವರು ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದರು.

"ದೀಪದ ಜಾಗ ಕಲಿಯುತ್ತೆ. ಅದಲ್ಲ ಸೆನ್ಸೆ. ನಿಮಗೆ ಗೋಡೆ ಈಚೆ ಕೇಳಿಸುತ್ತಲ್ಲ, ನನಗೆ ಗೊತ್ತು. ಹದಿನಾಲ್ಕು ತಿಂಗಳಾಯ್ತು, ದಿನಾ ಬೆಳಿಗ್ಗೆ ಖಾಲಿ ಹೊಸ್ತಿಲು ತೋರಿಸಿ ಯೋಶಿ ಅಂತಿದೀನಿ. ಏನೂ ಇಲ್ಲದ ಕಡೆ ಸರಿಯಿದೆ ಅನ್ನೋದು ಇದಕ್ಕೆ ಅಭ್ಯಾಸ ಆಗಿಹೋಗಿದೆ. ಇಂಥ ಬೆರಳನ್ನ ತಗೊಂಡು ನಾನು ಅಲ್ಲಿ ಹೇಗೆ ಕೂತ್ಕೊಳ್ಳಲಿ?"

ನಾನು ಚಹಾದ ಲೋಟವನ್ನು ಅವರತ್ತ ಸರಿಸಿದೆ.

"ಅವಳಿಗೆ ಮಾತು ಕೊಟ್ಟಿದ್ದೆ," ಎಂದರು. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದುಹೋದರು.

ಆ ಮೂರು ವಾರ ಅವರು ಹೊರಿಗುಚಿಯನ್ನು ಬಿಡಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಪಟ್ಟಿ ಓದಿಸಿ, ಇಪ್ಪತ್ತು ಸಲ ಬೆರಳು ಚಾಚಿಸಿದರು. "ಮೊಣಕೈ ಮಡಚ್ತೀಯಲ್ಲ, ಮೀನಿನ ಅಂಗಡೀಲಿ ಮೀನು ತೋರಿಸ್ತಿದೀಯಾ?" ಎಂದು ಗದರುತ್ತಿದ್ದರಂತೆ. ತಾವು ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದರು ಎಂದು ಆಕೆ ಆಮೇಲೆ ನನಗೆ ಹೇಳಿದಳು.

ಆರಂಭದ ದಿನ ನನಗೂ ಕರೆ ಬಂದಿತ್ತು. ಅತಿಥಿಗಳು ನಿಲ್ಲುವ ಗಾಜಿನಾಚೆ, ಕಿನುಕೊ ನಿಲ್ಲುತ್ತೇನೆಂದಿದ್ದ ಜಾಗದಲ್ಲಿ, ತೆರವಾಕಿಯವರು ಕಪ್ಪು ಕೋಟು ತೊಟ್ಟು ನಿಂತಿದ್ದರು. ಒಳಗಡೆ ಹೊರಿಗುಚಿ ತೋಳು ನೀಳವಾಗಿ ಚಾಚಿ ಒಂದೊಂದು ಸಾಲನ್ನೂ ಕೂಗಿದಳು. ಸರಳುಗಳ ಸಾಲು ಬಂದಾಗ ಆಕೆಯ ಬೆರಳು ಬಲಗಡೆ ಕೆಳಗಿನ ದೀಪದತ್ತ ನೇರವಾಗಿ ಹೋಯಿತು. ನನ್ನ ಪಕ್ಕದಲ್ಲಿ ಉಸಿರು ಬಿಟ್ಟ ಸದ್ದು ಕೇಳಿಸಿತು. ಆಮೇಲೆ ಸರಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತಿದರು. ಮಾಪಕದ ಗೆರೆ ಮೇಲಕ್ಕೇರಿ ಸಮವಾಗಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಎದ್ದು ನಿಂತು ಗಾಜಿನತ್ತ ತಿರುಗಿ ಸೊಂಟ ಬಾಗಿಸಿ ನಮಸ್ಕರಿಸಿದಳು. ತೆರವಾಕಿಯವರೂ ಬಾಗಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

ಹೊರಗೆ ಬಂದ ಮೇಲೆ ಅವರು, "ಕಿನುಕೊಗೆ ಹೇಳಿ ಬರಬೇಕು, ಬರ್ತೀರಾ ಸೆನ್ಸೆ?" ಎಂದರು. ಸಮಾಧಿಗೆಂದು ತಂದ ಹೂವು ಅವರ ಮನೆಯಲ್ಲಿತ್ತು. ಇಬ್ಬರೂ ಮೊದಲು ಮನೆಗೆ ಹೋದೆವು. ಅಡುಗೆಮನೆಯ ಕಪಾಟಿನಲ್ಲಿ ಆಕೆ ಉಪ್ಪು ಹಾಕಿಟ್ಟಿದ್ದ ಉಮೆ ಎಂಬ ಹುಳಿ ಕಾಯಿಗಳ ಜಾಡಿ ಇನ್ನೂ ಅರ್ಧ ತುಂಬಿತ್ತು. ವಾರಕ್ಕೆ ಒಂದರಂತೆ ತಿನ್ನುತ್ತಿದ್ದೇನೆಂದು ಅವರು ಹೇಳಿದರು.

ಹೊರಡುವಾಗ ನಾನು ಬೂಟು ಹಾಕಿಕೊಂಡು ಅಂಗಳದಲ್ಲಿ ಕಾಯುತ್ತಿದ್ದೆ. ತೆರವಾಕಿಯವರು ಹೂವನ್ನು ಎಡಗೈಗೆ ಬದಲಾಯಿಸಿಕೊಂಡು ಬಾಗಿಲಲ್ಲಿ ನಿಂತರು.

"ಗ್ಯಾಸ್, ಯೋಶಿ. ಕಿಟಕಿ, ಯೋಶಿ."

ಬೆರಳು ಅಡುಗೆಮನೆಯ ಹೊಸ್ತಿಲಿನತ್ತ ತಿರುಗಿತು. ಗಾಳಿಯಲ್ಲಿ ಹಾಗೆಯೇ ನಿಂತಿತು. ಮಾಪಕವನ್ನು ನೋಡುವ ಹಾಗೆ, ಅವಸರವಿಲ್ಲದೆ, ಬೆರಳು ತೋರುತ್ತಿದ್ದ ಕಡೆಯನ್ನೇ ಅವರು ನೋಡಿದರು.

"ಕಿನುಕೊ," ಎಂದರು ಗಟ್ಟಿಯಾಗಿ. ಸ್ವಲ್ಪ ತಡೆದು, "ಇಲ್ಲ," ಎಂದರು.

ತೋಳನ್ನು ಇಳಿಸಿ, ಬಾಗಿಲು ಹಾಕಿ, ಬೀಗವನ್ನು ಒಮ್ಮೆ ಎಳೆದು ನೋಡಿದರು.