ಸೋಪಜ್ಜಿ ತೊಳೆದ ಕುರಿ

ಕುರಿ ತೊಳೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಮಾರಾಟಕ್ಕೆ ಹೊರಟ ಕುರಿಗಳ ಬಾಲಕ್ಕೆ ಅಂಟಿದ ಹಿಕ್ಕೆ ನೋಡಿ ಅವಳಿಗೆ ನಾಚಿಕೆಯಾಯಿತಂತೆ. ಮನೆಯಿಂದ ಹೊರಡುವ ಜೀವ ಹೀಗಾ ಹೋಗುವುದು ಎಂದು ಬಕೆಟ್ಟು ತಂದಳು. ಅಂದಿನಿಂದ ಆ ಮನೆಯ ಕುರಿಗಳು ಮಾರಾಟದ ಮಂಡಿಯಲ್ಲಿ ಇಳಿದರೆ ಮೋಡದ ತುಣುಕುಗಳು ಇಳಿದಂತೆ ಕಾಣುತ್ತಿದ್ದವು. ಇವನ್ನು ಮುಟ್ಟುವ ಮೊದಲು ಗಿರಾಕಿಯೇ ಸ್ನಾನ ಮಾಡಿ ಬರಬೇಕು ಎಂದು ದಲ್ಲಾಳಿ ನಗೆಯಾಡುತ್ತಿದ್ದ. ಸೋಪಜ್ಜಿ ಎಂದು ಹೆಸರಿಟ್ಟವನೂ ಅವನೇ. ಅವಳು ಮುಖ ಗಂಟಿಕ್ಕಿದಳು, ಒಳಗೊಳಗೇ ಹಿಗ್ಗಿದಳು. ಬಾಗಿಲ ಚಿಲಕ, ಮೊಮ್ಮಗಳ ಕಿವಿಸಂದಿ, ಕೊನೆಗೆ ಸೋಪನ್ನೂ ತೊಳೆದಿಡುವ ಹೆಂಗಸು.

ಮಂಡಿನೋವು ಶುರುವಾದ ಮೇಲೆ ಕೊಟ್ಟಿಗೆಯ ಯಜಮಾನಿಕೆ ಸೊಸೆಗೆ ಬಂತು. ಮಗ ಬೇರೆ ಹಿಂಡಿನೊಂದಿಗೆ ದೂರದ ಹುಲ್ಲುಗಾವಲಿನಲ್ಲೇ ಇರುತ್ತಿದ್ದ. ಔಷಧಿ ಕೊಡುವುದು, ಪ್ರತಿ ಕುರಿಯ ಕಿವಿಗೂ ನಂಬರಿನ ಹಳದಿ ಕಿವಿಯೋಲೆ ಹಾಕುವುದು, ಮಾರುವಾಗ ಘೋಷಣಾ ಪತ್ರಕ್ಕೆ ಸಹಿ ಮಾಡುವುದು ಎಲ್ಲ ಸೊಸೆಯದೇ. ಈ ಕುರಿಗಳ ಮೈಯಲ್ಲಿ ಔಷಧಿಯ ಅಂಶ ಉಳಿದಿಲ್ಲ, ತಿನ್ನುವವರಿಗೆ ಅಪಾಯವಿಲ್ಲ ಎಂಬುದೇ ಆ ಸಹಿಯ ಅರ್ಥ. ಇಂಜೆಕ್ಷನ್ ಕೊಟ್ಟ ಕುರಿಯ ಬೆನ್ನಿಗೆ ಅವಳು ನೇರಳೆ ಬಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದಳು. ಔಷಧಿ ಮೈಯಿಂದ ಇಳಿದುಹೋಗುವ ತನಕ ಆ ಗೆರೆ ಇರಬೇಕು. ಉಣ್ಣೆ ಕೆಡಬಾರದೆಂದು, ಸೋಪು ಹಾಕಿದರೆ ಬಿಡುವಂಥ ಬಣ್ಣ ಅದು.

ಅಜ್ಜಿಗೆ ಇದೆಲ್ಲ ಗೊತ್ತಿತ್ತು. ಆದರೆ ಈಚೆಗೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಯಾವ ಕಲೆಯೂ ಕೊಳೆಯಾಗಿಯೇ ಕಾಣುತ್ತಿತ್ತು. ಸೊಸೆ ಆರಿಸಿ ಬೇರೆ ಕಟ್ಟಿದ ಕುರಿಗಳನ್ನಷ್ಟೇ ತೊಳೆಯುವುದು ವಾಡಿಕೆ. ಆ ಸಲ ಮಾರಾಟದ ಹಿಂದಿನ ದಿನ ಒಳ್ಳೆಯ ಬಿಸಿಲು ಬಿತ್ತು. ಸೊಸೆ ಇನ್ನೂ ಆರಿಸುವ ಮೊದಲೇ, ಅವಳು ಮೇವು ತರಲು ಹೋದಾಗ ಅಜ್ಜಿ ಸಿಕ್ಕ ಕುರಿಗಳನ್ನೆಲ್ಲ ತೊಳೆದುಬಿಟ್ಟಳು.

ಮರುದಿನ ಬೆಳಿಗ್ಗೆ ಟೆಂಪೋದವನು ಗೇಟಿನ ಹೊರಗೆ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ಕಿವಿಯೋಲೆಯ ನಂಬರುಗಳನ್ನು ಮೊಳೆಗೆ ತೂಗುಹಾಕಿದ ಔಷಧಿ ಕಾರ್ಡಿನೊಂದಿಗೆ ತಾಳೆ ನೋಡಬೇಕಿತ್ತು. ಸೊಸೆ ಬೆನ್ನುಗಳನ್ನಷ್ಟೇ ನೋಡಿದಳು. ಎಲ್ಲವೂ ಬೆಳ್ಳಗಿದ್ದವು. ಆರಿಸಿ ಹತ್ತಿಸಿದಳು, ಸಹಿ ಹಾಕಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ, ತಟ್ಟೆ ಚಾಚಿದ ಅತ್ತೆಯ ಉಗುರುಸಂದಿಯಲ್ಲಿ ನೇರಳೆ ಕಂಡಿತು.

"ಅತ್ತೆ, ಉಗುರಲ್ಲಿ ಏನದು?"

"ಅದಾ? ಒಂದು ಕುರಿ ಎಲ್ಲೋ ಮೈ ಉಜ್ಕೊಂಡು ಬಂದಿತ್ತು ಕಣೇ. ಎರಡು ಸಲ ಸೋಪು ಹಾಕಿದ ಮೇಲೆ ಹಾಲಿನ ಹಾಗಾಯ್ತು ನೋಡು."

ಸೊಸೆ ಎಂಜಲು ಕೈಯಲ್ಲೇ ಕೊಟ್ಟಿಗೆಗೆ ಓಡಿದಳು. ಗೊರಸು ಕೊಳೆತು ಕುಂಟುತ್ತಿದ್ದ ಕುರಿ ಅಲ್ಲಿರಲಿಲ್ಲ. ಪೆನ್ಸಿಲಿನ್ ಕೊಟ್ಟ ಮೇಲೆ ಕುಂಟು ನಿಂತುಹೋಗಿತ್ತು. ಔಷಧಿ ಮಾತ್ರ ಮೈಯಲ್ಲೇ ಇತ್ತು. ಗೂಡಿನಲ್ಲಿದ್ದ ಬಾಟಲಿಯ ಹೆಸರನ್ನು ಮತ್ತೊಮ್ಮೆ ಓದಿದಳು. ಇದೇ ಹೆಸರಿನ ಔಷಧಿಗೆ ಹಿಂದೊಮ್ಮೆ ಆಸ್ಪತ್ರೆಯಲ್ಲಿ ತನ್ನ ಮಗಳ ಮುಖ ಊದಿ, ಕಣ್ಣು ಮುಚ್ಚಿ, ಉಸಿರು ಸೀಟಿಯಂತಾಗಿತ್ತು. ಎಲ್ಲೋ ಒಂದು ಮನೆಯಲ್ಲಿ ಅಂಥದೇ ಮಗು ಊಟಕ್ಕೆ ಕೂತಿರುತ್ತದೆ.

ದಲ್ಲಾಳಿಗೆ ಫೋನ್ ಮಾಡಿದಳು. ಅವನು ಮೊದಲು ನಕ್ಕ, ಆಮೇಲೆ ದನಿ ತಗ್ಗಿಸಿದ.

"ಒಂದು ಕುರಿ ತಾನೇ? ಸುಮ್ನಿರಮ್ಮ. ಬಾಯಿ ಬಿಟ್ರೆ ನಾಳೆಯಿಂದ ನಿಮ್ಮನೆ ಕುರಿ ಅಂದ್ರೇ ಜನ ಹಿಂದೆ ಸರೀತಾರೆ."

ಫೋನ್ ಇಟ್ಟು ತಿರುಗಿದರೆ ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. ನೀವು ಯಾಕೆ, ಮಂಡಿ ನೋಯುತ್ತದೆ ಎಂದರೆ ಕೇಳಲಿಲ್ಲ.

"ತೊಳೆದದ್ದು ನಾನು. ನಡಿ."

ಬಸ್ಸಿನಲ್ಲಿ ಅಜ್ಜಿ ಹೆಬ್ಬೆರಳಿನಿಂದ ಒಂದೊಂದೇ ಉಗುರನ್ನು ಕೆರೆಯುತ್ತ ಕೂತಿದ್ದಳು. ಬಸ್ಸು ನಿಂತಲ್ಲೆಲ್ಲ ಸೊಸೆಗೆ ಯಾರೋ ಕತ್ತಿ ಮಸೆದಂತೆ ಕೇಳುತ್ತಿತ್ತು.

ಮಂಡಿಯ ದೊಡ್ಡಿ ಖಾಲಿಯಾಗಿತ್ತು. ನೀರು ಹೊಡೆದ ಸಿಮೆಂಟು ನೆಲ ಇನ್ನೂ ಒದ್ದೆ. ಅಲ್ಲಿ ಕುರಿಗಳ ತಪಾಸಣೆ ಮಾಡುವ ಪಶುವೈದ್ಯೆಯ ಮೇಜಿನ ಮುಂದೆ ನಿಂತು ಸೊಸೆ ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದಳು. ವೈದ್ಯೆ ಬಯ್ಯಲಿಲ್ಲ. ಕಿವಿಯೋಲೆಯ ನಂಬರು ಕೇಳಿ ಕಂಪ್ಯೂಟರಿಗೆ ಒತ್ತಿದಳು. ಕುರಿಗಳು ಬೆಳಿಗ್ಗೆಯೇ ಕಸಾಯಿಖಾನೆಗೆ ಹೋಗಿವೆ ಎಂದು ಹೇಳಿ ಅಲ್ಲಿಗೆ ಫೋನ್ ಹಚ್ಚಿದಳು. ಅಲ್ಲಿ ಯಾರೋ ಒಂದೊಂದೇ ಕಿವಿ ಓದಲು ಹೋದರು.

ಕುರ್ಚಿ ತೋರಿಸಿದರೂ ಅಜ್ಜಿ ಕೂರಲಿಲ್ಲ. ಬಸ್ಸಿನಲ್ಲಿ ಕೂತು ಬಂದ ಬಟ್ಟೆ, ಕುರ್ಚಿ ಕೊಳೆಯಾಗುತ್ತದೆ ಎಂದಳು. ಸೊಸೆ ಅವಳ ತೋಳು ಹಿಡಿದುಕೊಂಡಳು. ವೈದ್ಯೆ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ಹಾಂ... ಇನ್ನೊಂದ್ಸಲ ಓದಿ," ಎಂದಳು ಫೋನಿಗೆ. ಆಮೇಲೆ ಇವರ ಕಡೆ ತಿರುಗಿ, "ಇದೆ. ಸಾಲಲ್ಲಿ ನಿಂತಿದೆ. ಹೊರಗೆ ತೆಗೀತಿದ್ದಾರೆ."

ಅಜ್ಜಿ ಕುರ್ಚಿಯಲ್ಲಿ ಕುಸಿದಳು; ಬಟ್ಟೆಯ ನೆನಪಾಗಲಿಲ್ಲ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಇನ್ನು ಮುಂದೆ ಈ ಮನೆಯ ಕುರಿ ಬಂದಾಗಲೆಲ್ಲ ತಪಾಸಣೆ ಆಗುತ್ತದೆ, ಸುಳ್ಳು ಘೋಷಣೆ ಎಂದು ದಾಖಲೂ ಆಗುತ್ತದೆ ಎಂದು ವೈದ್ಯೆ ವಿವರಿಸಿದಳು. ತೊಳೆದದ್ದು ನಾನು ಎಂದು ಅಜ್ಜಿ ಮತ್ತೆ ಮತ್ತೆ ಹೇಳಿದಳು.

"ಸಹಿ ಯಾರದು?"

"ನಂದು ಮೇಡಂ," ಎಂದಳು ಸೊಸೆ.

ವೈದ್ಯೆ ಹಾಗೆಯೇ ಬರೆದುಕೊಂಡಳು. ಅಜ್ಜಿಯ ಮುಖ ಸಣ್ಣದಾಯಿತು. ಜೀವಮಾನವಿಡೀ ಬೇರೆಯವರ ಕೊಳೆ ತೊಳೆದವಳಿಗೆ, ತನ್ನದನ್ನು ಇನ್ನೊಬ್ಬಳು ಹೊತ್ತದ್ದನ್ನು ಹೇಗೆ ನೋಡುವುದೆಂದು ತಿಳಿಯಲಿಲ್ಲ.

ಕುರಿ ಮರುದಿನ ಮನೆಗೆ ಬಂತು. ಅಜ್ಜಿ ಬಣ್ಣದ ಕಡ್ಡಿ ಕೇಳಿ ಪಡೆದು, ಕತ್ತಿನಿಂದ ಬಾಲದವರೆಗೆ ಅಂಗೈ ಅಗಲದ ಗೆರೆ ಎಳೆದಳು.

"ಕಾಣುತ್ತಾ?"

"ವಿಮಾನದಲ್ಲಿ ಹೋಗೋರಿಗೂ ಕಾಣುತ್ತೆ ಅತ್ತೆ."

ಅಜ್ಜಿ ನಗಲಿಲ್ಲ. ಗೆರೆಯ ಮೇಲೆ ಇನ್ನೊಮ್ಮೆ ಕಡ್ಡಿ ಆಡಿಸಿದಳು.

ಮುಂದಿನ ಮಾರಾಟದ ಹಿಂದಿನ ದಿನ ಅವಳು ಬಿಸಿನೀರಿನ ಬಕೆಟ್ಟು ಹಿಡಿದು ಕೊಟ್ಟಿಗೆಯ ಬಾಗಿಲಲ್ಲೇ ನಿಂತಳು. ಸೊಸೆ ಒಂದೊಂದು ಕಿವಿಯನ್ನೂ ಗಟ್ಟಿಯಾಗಿ ಓದಿ ಕಾರ್ಡಿನಲ್ಲಿ ಹುಡುಕಿದಳು. ನೇರಳೆ ಉಳಿದಿದೆಯೇ ಎಂದು ಬೆರಳಿನಿಂದ ಉಣ್ಣೆ ಬಿಡಿಸಿ ಬುಡ ನೋಡಿದಳು. ಬಕೆಟ್ಟಿನ ಹಬೆ ನಿಂತುಹೋಯಿತು.

"ಈಗ ತೊಳೀಲಾ?" ಯಾರನ್ನೂ ಕೇಳಿ ಗೊತ್ತಿರದ ಸೋಪಜ್ಜಿ ಕೇಳಿದಳು.

ಸೊಸೆ ಹೂಂ ಎನ್ನಲು ಬಾಯಿ ತೆರೆದಳು. ತೆರೆದವಳು, "ಸ್ವಲ್ಪ ತಡೀರಿ ಅತ್ತೆ" ಎಂದು ಮತ್ತೆ ಮೊದಲ ಕುರಿಯ ಕಿವಿ ಹಿಡಿದಳು.