ಹೋಟೆಲ್ ಬಾಗಿಲಿನವನ ಹಲಗೆ

ಹಿರೋಡೆ ಹತ್ತಿರ, ತೊಣ್ಣೂರು ಕೆರೆಯ ದಡದಲ್ಲಿದ್ದ ದೊಡ್ಡ ಹೋಟೆಲಿನ ಬಾಗಿಲು ಕಾಯುತ್ತಿದ್ದವನನ್ನು ನೆನೆದರೆ ನನಗೆ ಮೊದಲು ಕಾಣುವುದು ಅವನ ಬರಿಗಾಲು. ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ದಿನವೂ ಒರೆಸಿ, ಕುಂಕುಮವಿಟ್ಟು, ಚಪ್ಪಲಿ ಕಳಚಿ ಕೈಮುಗಿಯುತ್ತಿದ್ದ. ಕನ್ನಂಬಾಡಿ ಕಟ್ಟೆ ನೋಡಲು ಬಂದಿಳಿಯುತ್ತಿದ್ದ ದೊರೆಗಳು ನಗುತ್ತಿದ್ದರು. "ಅನ್ನ ಕೊಡೋದು ಅದೇಯ, ಸೋಮಿ" ಎನ್ನುತ್ತಿದ್ದ.

ನಾನು ಕಾಲೇಜು ಮುಗಿಸಿ ಬಂದ ವರ್ಷ ಹೋಟೆಲನ್ನು ಕೆಡವಿದರು. ಹಲಗೆಯನ್ನು ಅವನು ಕೇಳಿ ಪಡೆದಿದ್ದ. ಅದನ್ನು ಬಿಚ್ಚಲು ಅವನು ಬರುವಷ್ಟರಲ್ಲಿ ಆಳುಗಳು ಗೋಡೆಯ ಬುಡ ಅಗೆದಿದ್ದರು. ಕೆಡವುವುದನ್ನು ನೋಡಲು ಹೋಗಿದ್ದ ನಾನು ಅವನಿಗೆ ಏಣಿ ಹಿಡಿದೆ. ಅರ್ಧ ಹತ್ತಿದವನು ಕೆಳಗಿಳಿದ.

"ಯಾಕ್ಲಾ ಇಳ್ದೆ? ಗ್ವಾಡೆ ಬೀಳ್ತದೆ!" ಎಂದು ಮೇಸ್ತ್ರಿ ಕಿರುಚಿದ.

"ಕಾಲಲ್ಲಿ ಚಪ್ಲಿ ಅದೆ ಕಣಣ್ಣ" ಎಂದು ಚಪ್ಪಲಿ ಬಿಟ್ಟು ಮತ್ತೆ ಹತ್ತಿದ.

ಗಾರೆ ನನ್ನ ತಲೆಯ ಮೇಲೆ ಉದುರುತ್ತಿತ್ತು. ಅವನು ಹಲಗೆಯನ್ನು ಹಗ್ಗದಲ್ಲಿ ಮೆಲ್ಲಗೆ, ಕೂಸನ್ನು ಇಳಿಸುವಂತೆ ಇಳಿಸಿ, ತಾನೂ ಜಾರಿ ಇಳಿದ. ಇಬ್ಬರೂ ಅದನ್ನು ಎತ್ತಿಕೊಂಡು ಓಡಿದೆವು. ನಾವು ನಿಂತಿದ್ದ ಜಾಗಕ್ಕೇ ಗೋಡೆ ಬಿತ್ತು.

ಸಂಜೆ ಅವನ ಮನೆಯ ಮುಂದೆ ಹಲಗೆ ಕಟ್ಟಿದೆವು. ಅದು ಮನೆಗಿಂತ ಉದ್ದ. ಒಂದು ತುದಿ ಪಕ್ಕದ ಮನೆಯ ಬಾಗಿಲ ಮೇಲೆ ಹೋಗಿ ಕೂತಿತು.

"ಏನ್ಲಾ, ನನ್ ಮನೇನೂ ಓಟ್ಲು ಮಾಡ್ಬುಟ್ಟಾ?" ಎಂದ ನೆರೆಯವನು.

ಎಲ್ಲರೂ ನಕ್ಕರು. ನಾನೂ ನಗಲು ಹೋದೆ. ಹಲ್ಲು ಕಟಕಟ ಬಡಿಯಿತು. ಅವನು ನನ್ನ ಹೆಗಲ ಮೇಲಿನ ಗಾರೆಯ ಧೂಳು ಕೊಡವಿ, "ಆಯ್ತು ಬುಡಿ ಸೋಮಿ, ಬಿದ್ದಾಯ್ತು" ಎಂದ.

ನನ್ನ ಪಾಲಿಗೆ ಆ ಗೋಡೆ ಇನ್ನೂ ಬಿದ್ದು ಮುಗಿದಿಲ್ಲ.