ಮೋಡದ ತವರು

ಕಚೇರಿಯಲ್ಲಿ ಅವಳಿಗೆ ದಿಕ್ಸೂಚಿ ಎಂದು ಅಡ್ಡಹೆಸರು. ಸೂರ್ಯ ಸಿಡಿದಾಗಲೆಲ್ಲ ಒಂದು ಕಾಂತದ ಮೋಡ ಅಲ್ಲಿಂದ ಹೊರಡುತ್ತದೆ. ಅದು ನಮ್ಮನ್ನು ಮುಟ್ಟುವಾಗ ಅದರ ಕಾಂತ ಉತ್ತರಕ್ಕೆ ಮುಖ ಮಾಡಿರುತ್ತದೋ ದಕ್ಷಿಣಕ್ಕೋ ಎಂದು ಮೊದಲೇ ಹೇಳುವುದು ಅವಳ ಉದ್ಯೋಗ. ಉತ್ತರವಾದರೆ ಪರವಾಗಿಲ್ಲ, ಭೂಮಿಯನ್ನು ಸವರಿಕೊಂಡು ಹೋಗುತ್ತದೆ. ದಕ್ಷಿಣವಾದರೆ ಭೂಮಿಯ ಕಾಂತಕವಚ ಬಾಗಿಲು ತೆರೆದು ಕೂತ ಹಾಗೆ. ನೆಲದಿಂದ ಕರೆಂಟು ಎದ್ದು ವಿದ್ಯುತ್ ತಂತಿಗಳಿಗೆ ನುಗ್ಗಿ ಟ್ರಾನ್ಸ್‌ಫಾರ್ಮರ್‌ಗಳನ್ನು ಕಾಯಿಸಿಬಿಡುತ್ತದೆ.

ಮೋಡದ ಗುಣ ತಿಳಿಯಬೇಕಾದರೆ ಅದು ಸೂರ್ಯನ ಮೈಮೇಲೆ ಎಲ್ಲಿ ಹುಟ್ಟಿತೆಂದು ಹುಡುಕಬೇಕು. ಆ ಜಾಗಕ್ಕೆ ಕಚೇರಿಯವರು ತವರು ಎನ್ನುತ್ತಿದ್ದರು. ಅಲ್ಲಿ ಕಾಂತ ಯಾವ ಕಡೆ ತಿರುಚಿಕೊಂಡಿತ್ತೋ ಹೊರಟ ಮೋಡವೂ ಸಾಮಾನ್ಯವಾಗಿ ಅದೇ ತಿರುಚನ್ನು ಹೊತ್ತು ಬರುತ್ತದೆ. ಕೆಲಸದಲ್ಲಿ ಅವಳು ಗಟ್ಟಿಗಿತ್ತಿ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು, ತೊಂದರೆ ಬಂದದ್ದೇ ಅಲ್ಲಿ.

ಅವಳಿಗಿದ್ದವನು ಒಬ್ಬ ತಮ್ಮ. ಅಮ್ಮ ಹೋದಾಗ ಅವನಿಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ತಲೆ ಬಾಚಿ, ಗದರಿ, ಓದಿಸಿ, ಊರಾಚೆಯ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರುವ ತನಕ ಬೆನ್ನು ಬಿಡದೆ ಸಾಕಿದವಳು ಅವಳೇ. ಮದುವೆಯಾದ ಮೇಲೂ ಅವನು ಜ್ವರ ಬಂದರೆ ಡಾಕ್ಟರಿಗಿಂತ ಮುಂಚೆ ಅಕ್ಕನಿಗೇ ಹೇಳುತ್ತಿದ್ದ.

ಅಂದು ಬೆಳಗ್ಗೆ ಸೂರ್ಯನ ಒಂದು ಕಲೆ ಫಳ್ಳನೆ ಹೊಳೆಯಿತು. ಮೋಡವೊಂದು ನಮ್ಮ ಕಡೆಗೇ ಹೊರಟಿತು. ಕಚೇರಿಯವರೆಲ್ಲ ಪರದೆಯ ಮೇಲಿನ ಆ ಹೊಳಪಿನ ಮುಂದೆ ಗುಂಪು ಕಟ್ಟಿ ನಿಂತರು, ಅವಳೂ ನಿಂತಳು. ಹೊಳೆದದ್ದೇ ತವರು ಎಂದುಕೊಳ್ಳುವುದು ಈ ಕಸುಬಿನವರ ಹಳೆಯ ಚಾಳಿ. ಅದೇ ಹೊತ್ತಿಗೆ, ಸ್ವಲ್ಪ ಕೆಳಗೆ, ವಾರದಿಂದ ತೆಪ್ಪಗೆ ಮಲಗಿದ್ದ ಉದ್ದನೆಯ ಕಪ್ಪು ಎಳೆಯೊಂದು ಸದ್ದುಗದ್ದಲವಿಲ್ಲದೆ ಎದ್ದು ಹೋಗಿತ್ತು. ಮೋಡ ಹುಟ್ಟಿದ್ದು ಅಲ್ಲಿ. ನಿನ್ನೆಯ ಚಿತ್ರವನ್ನು ಇವತ್ತಿನದರ ಪಕ್ಕದಲ್ಲಿಟ್ಟಿದ್ದರೆ ಮಕ್ಕಳಿಗೂ ಕಾಣುತ್ತಿತ್ತು. ಅವಳು ಇಡಲಿಲ್ಲ. ಹೊಳೆದ ಕಲೆಯ ತಿರುಚನ್ನಷ್ಟೇ ನೋಡಿ ಉತ್ತರ ಎಂದು ಬರೆದು ಕಳಿಸಿದಳು.

ಅಷ್ಟರಲ್ಲಿ ತಮ್ಮನ ಫೋನ್ ಬಂತು.

"ಅಕ್ಕಾ, ಒಂದು ಟ್ರಾನ್ಸ್‌ಫಾರ್ಮರ್ ಬಿಚ್ಚಿ ರಿಪೇರಿ ಮಾಡ್ಬೇಕು. ಅಷ್ಟು ದಿನ ಲೋಡೆಲ್ಲ ಇನ್ನೊಂದರ ತಲೆ ಮೇಲೇ. ನಿನ್ನ ಸೂರ್ಯ ಏನಂತಾನೆ?"

"ಉತ್ತರ ಕಣೋ. ಧೈರ್ಯವಾಗಿ ಬಿಚ್ಚಿ."

"ನಮ್ಮ ಇಂಜಿನಿಯರು ಮುಂದಿನ ವಾರ ನೋಡೋಣ ಅಂತಿದ್ದಾರೆ."

"ಅವರಿಗೆ ನೆಗಡಿಯಾದ್ರೂ ಸೂರ್ಯನ ಮೇಲೇ ಅನುಮಾನ. ನಮ್ಮಕ್ಕ ಹೇಳಿದ್ಲು ಅನ್ನು, ಹೋಗು."

ಅವನು ನಕ್ಕು ಫೋನಿಟ್ಟ. ಇಂಜಿನಿಯರ್ ಕೂಡ ಕೊನೆಗೆ ಒಪ್ಪಿದರು.

ಎರಡು ದಿನ ಬಿಟ್ಟು ಮಧ್ಯಾಹ್ನ ಮೋಡ ಬಂತು. ಅದು ಭೂಮಿಗೆ ಬಡಿಯುವ ಸ್ವಲ್ಪ ಮುಂಚೆ, ದೂರದಲ್ಲಿ ಕಾವಲಿರುವ ಉಪಗ್ರಹ ಅದರ ನಿಜವಾದ ದಿಕ್ಕು ಹೇಳುತ್ತದೆ. ಪರದೆಯ ಮೇಲಿನ ಗೆರೆ ದಕ್ಷಿಣಕ್ಕೆ ಇಳಿಯಿತು, ಇಳಿಯುತ್ತಲೇ ಹೋಯಿತು. ವಿದ್ಯುತ್ ಕೇಂದ್ರಕ್ಕೆ ಫೋನ್ ಹಚ್ಚಿದರೆ ಲೈನು ಸಿಗದು. ಸಿಗುವ ಹೊತ್ತಿಗೆ ಮೋಡ ಬಡಿದಾಗಿತ್ತು.

"ಉಳಿದಿರೋ ಈ ಒಂದು ಟ್ರಾನ್ಸ್‌ಫಾರ್ಮರನ್ನೂ ದಿಢೀರ್ ಅಂತ ನಿಲ್ಲಿಸಿದ್ರೆ ಆಸ್ಪತ್ರೆಗೂ ಕರೆಂಟಿರಲ್ಲ ಮೇಡಂ," ಎಂದರು ಇಂಜಿನಿಯರ್. "ಲೋಡ್ ಇಳಿಸ್ತಾ ಇದ್ದೀವಿ. ಎಷ್ಟು ಕಾದಿದೆ ನೋಡೋಕೆ ನಿಮ್ಮ ತಮ್ಮನೇ ಹೋಗಿದ್ದಾನೆ."

"ಅವನನ್ನ ವಾಪಸ್ ಕರೀರಿ! ಈಗ್ಲೇ ಕರೀರಿ!"

ಅವರು ರಿಸೀವರ್ ಮೇಜಿನ ಮೇಲೆ ಹಾಕಿ ಅವನ ಹೆಸರು ಕೂಗುತ್ತ ಓಡಿದ್ದು ಅವಳಿಗೆ ಕೇಳಿಸಿತು. ಆಮೇಲೆ ಸ್ಫೋಟವೂ ಕೇಳಿಸಿತು.

ಮೇಲಧಿಕಾರಿ ಬೆನ್ನು ಸವರಿ, ಎರಡು ಜಾಗ ಒಟ್ಟಿಗೇ ಎದ್ದಾಗ ಯಾರಾದರೂ ಎಡವುತ್ತಿದ್ದರು ಎಂದರು. ನಿಜವೇ ಇರಬಹುದು. ಆದರೆ ಆ ಯಾರಾದರೂ ತಾನೇ ಆಗಿದ್ದಳಲ್ಲ, ಆ ಸಮಾಧಾನವನ್ನು ತೆಗೆದುಕೊಂಡು ಅವಳೇನು ಮಾಡಬೇಕು?

ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ಅವಳು ತಮ್ಮನ ಮನೆಗೆ ಹೋದಳು. ಬೈಸಿಕೊಳ್ಳಲೆಂದೇ ಹೋದಳು. ತಮ್ಮನ ಹೆಂಡತಿ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದಳು.

"ಅವತ್ತು ನಿಮಗೆ ಫೋನ್ ಮಾಡಿದ್ರಲ್ಲ ಅಕ್ಕ, ನೀವೇನಂದ್ರಿ?"

"ಧೈರ್ಯವಾಗಿ ಬಿಚ್ಚಿ ಅಂದೆ. ತಪ್ಪು ಹೇಳ್ದೆ ಕಣಮ್ಮ. ಮೋಡ ಹುಟ್ಟಿದ್ದು ಒಂದು ಕಡೆ, ನಾನು ನೋಡಿದ್ದು ಇನ್ನೊಂದು ಕಡೆ. ಅವನು ಹೋಗಿದ್ದು ನನ್ನಿಂದ."

ಬೈಗುಳ ಈಗ ಬಂತು, ಆಗ ಬಂತು ಎಂದು ಅಕ್ಕ ತಲೆ ತಗ್ಗಿಸಿ ಕಾದಳು.

"ಒಬ್ರೇ ಹೋದ್ರಂತೆ, ಅಲ್ಲಿ ಎಷ್ಟು ಹೆದರ್ಕೊಂಡಿದ್ರೋ ಅನ್ನೋದೇ ನನ್ನ ಕೊರೀತಿತ್ತು," ಎಂದಳು ತಮ್ಮನ ಹೆಂಡತಿ. "ನೀವು ಹೇಳಿದ್ರಿ ಅಂದ್ಮೇಲೆ ಹೆದರಿರಲ್ಲ ಬಿಡಿ. ನಿಮ್ಮ ಮಾತಂದ್ರೆ ಅವ್ರಿಗೆ ಅಷ್ಟು ನಂಬಿಕೆ."

ಹಾಗೆನ್ನುತ್ತಿದ್ದಂತೆ ಅವಳ ಮುಖದಲ್ಲಿ ಬಿಗಿದುಕೊಂಡಿದ್ದೇನೋ ಸಡಿಲವಾಯಿತು. ಕುಡಿಯಲು ನೀರು ತರುತ್ತೇನೆಂದು ಒಳಗೆ ಹೋದಳು. ಅವಳಿಗೆ ಕೇಳಿಸಬಾರದೆಂದು ಅಕ್ಕ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದುಕೊಂಡು ಅತ್ತಳು.